ಅಬು ಮೀಖಾಯಿಲ್ ಕೆಳಗಿಟ್ಟ ಕಾಫಿ

ಊರಿಗೆ ಫೋನ್ ಹಚ್ಚಿದರೆ ಅಬು ಮೀಖಾಯಿಲ್ ಮೊದಲು ವಿಚಾರಿಸುತ್ತಿದ್ದುದು ಹೊಳೆಯಾಚೆಯವರನ್ನು. ಸಿರಿಯಾದ ಬೆಟ್ಟದ ತಪ್ಪಲಿನಲ್ಲಿ ಅವರದು ಕ್ರೈಸ್ತರ ಹಳ್ಳಿ. ಹೊಳೆ ದಾಟಿದರೆ ಮುಸಲ್ಮಾನರ ಹಳ್ಳಿ. ಆಚೆಯ ಬೇಕರಿ ಯುದ್ಧದಲ್ಲಿ ಸುಟ್ಟುಹೋದ ಮೇಲೆ ಈಚೆಯ ಇಗರ್ಜಿಯ ಹಿಂದಿನ ಒಲೆಯಲ್ಲೇ ಎರಡೂ ಹಳ್ಳಿಗೆ ರೊಟ್ಟಿ ಬೇಯುತ್ತಿತ್ತು. ಅವರಿಗೆ ರೊಟ್ಟಿ ಮುಟ್ಟಿತೇ, ಅಬು ಅಹ್ಮದನ ಮೊಣಕಾಲು ಹೇಗಿದೆ, ಅವನ ಸೊಸೆ ಹೆತ್ತಳೇ, ಇದೆಲ್ಲ ಮುಗಿಯಬೇಕು. "ನಾನೊಬ್ಬಳು ಬದುಕಿದ್ದೇನೆ!" ಎಂದು ಹೆಂಡತಿ ಆ ತುದಿಯಿಂದ ಕೂಗುತ್ತಿದ್ದರು. "ಗೊತ್ತು, ಬೈಯುತ್ತಿದ್ದೀಯಲ್ಲ," ಎನ್ನುತ್ತಿದ್ದರು ಇವರು.

ದುಬೈಯ ಅಲ್ ಕೂಜ್‌ನಲ್ಲಿ ಅಲ್ಯುಮಿನಿಯಂ ಕಿಟಕಿ ಮಾಡುವ ವರ್ಕ್‌ಶಾಪಿಗೆ ಅವರು ಫೋರ್‌ಮನ್. ಮಂಗಳೂರಿನಲ್ಲಿ ಬಿ.ಕಾಂ. ಮಾಡಿ ಬಂದ ನಾನು ಅಲ್ಲಿ ಹಾಜರಿ ಬರೆಯುವವನು. ಇಪ್ಪತ್ತು ವರ್ಷ ನಮ್ಮವರ ಜೊತೆ ದುಡಿದು ಕಲಿತ ಹಿಂದಿ ಅವರದು. ಅದರಲ್ಲಿ ಕ್ರಿಯಾಪದಕ್ಕೆ ಜಾಗ ಕಡಿಮೆಯಿತ್ತು, ಬೈಗುಳಕ್ಕೆ ಧಾರಾಳವಾಗಿತ್ತು. ಹೊಸ ಹುಡುಗರಿಗೆ ಒಂದೇ ಪಾಠ: "ಕಿಟಕಿ ಕೂರಲಿಲ್ಲವೇ? ಗೋಡೆಗೆ ಬೈಯಬೇಡ. ಅಳತೆ ಇನ್ನೊಮ್ಮೆ."

ಶುಕ್ರವಾರದ ರಜೆಯಲ್ಲಿ ಇಗರ್ಜಿಯ ಪೂಜೆಗೆ ಬರುವ ಅವರ ಊರಿನವರೇ ಅವರನ್ನು ಗೇಲಿ ಮಾಡುತ್ತಿದ್ದರು. "ಹೊಳೆಯಾಚೆಯವರು ನಮ್ಮ ಕುತ್ತಿಗೆ ಕೊಯ್ಯಲು ಬಂದಾಗ ನಿನ್ನ ರೊಟ್ಟಿ ಅಡ್ಡ ಬರುತ್ತದೆಯೋ?" ಎಂದು ಒಬ್ಬ ಕೇಳಿದ್ದನ್ನು ನಾನೇ ಕೇಳಿದ್ದೇನೆ. ಅಬು ಮೀಖಾಯಿಲ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಬಂದೂಕಿನವರು ಒಂದು ದಿನ ಮನೆಗೆ ಹೋಗುತ್ತಾರೆ. ಹೊಳೆ ಎಲ್ಲಿಗೆ ಹೋಗುತ್ತದೆ ಹೇಳು."

ಯುದ್ಧಕ್ಕೆ ಎರಡು ವರ್ಷ ತುಂಬಿದ್ದಾಗ ಅದು ನಮ್ಮ ವರ್ಕ್‌ಶಾಪಿನೊಳಗೇ ಬಂತು. ಫಾದಿ ಎಂಬವನು ಅಬು ಮೀಖಾಯಿಲರ ತಂಗಿಯ ಮಗ, ಅವರದೇ ಹಳ್ಳಿಯವನು. ಖಾಲಿದ್ ಬೇರೊಂದು ಪಟ್ಟಣದ ಮುಸಲ್ಮಾನ ಹುಡುಗ. ಇಬ್ಬರೂ ಒಂದೇ ಮೇಜಿನಲ್ಲಿ ಕೆಲಸ ಮಾಡುವವರು. ಆ ಬೆಳಿಗ್ಗೆ ಖಾಲಿದ್‌ಗೆ ಊರಿನಿಂದ ಫೋನ್ ಬಂತು: ಫಾದಿಯ ಹಳ್ಳಿಯ ಹುಡುಗರು ಕಾಯುವ ತಪಾಸಣೆ ಕಟ್ಟೆಯಲ್ಲಿ ಅವನ ಅಣ್ಣನನ್ನು ಹಿಡಿದಿಟ್ಟಿದ್ದಾರೆ. ನಾನು ಹಾಜರಿ ಪುಸ್ತಕ ಹಿಡಿದು ಇಬ್ಬರ ನಡುವೆ ಹಾದುಹೋಗುತ್ತಿದ್ದೆ. ಲೋಹ ಕೊಯ್ಯಲು ತಿರುಗುತ್ತಿದ್ದ ಗ್ರೈಂಡರನ್ನು ಖಾಲಿದ್ ಎತ್ತಿದ. ಅದರ ಗಾಳಿ ನನ್ನ ಕಿವಿಗೆ ತಾಗಿತು. ಫಾದಿಯ ಮುಂಗೈ ಸೀಳಿತು. ಎಲ್ಲರೂ ಖಾಲಿದ್‌ನತ್ತ ನುಗ್ಗಿದರು. ಅಬು ಮೀಖಾಯಿಲ್ ಮಾತ್ರ ಗೋಡೆಯತ್ತ ಓಡಿ ಪ್ಲಗ್ ಕಿತ್ತರು.

ಈಗಲೂ ನಾನಿರುವ ಇಂಟರ್‌ನ್ಯಾಷನಲ್ ಸಿಟಿಯ ಕಟ್ಟಡದಲ್ಲಿ ಯಾರಾದರೂ ಗೋಡೆ ಕೊರೆದರೆ ನನ್ನ ಕೈ ತನ್ನಿಂತಾನೇ ಕಿವಿಗೆ ಹೋಗುತ್ತದೆ. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಎಂದು ಲೆಕ್ಕ ಹಾಕುತ್ತೇನೆ. ಅರ್ಧ ಹೆಜ್ಜೆ ಸಾಕಿತ್ತು.

ಮ್ಯಾನೇಜರ್ ನನ್ನನ್ನು ಕರೆದರು. ಗಾಯಗೊಂಡವನೂ ಕಣ್ಣಾರೆ ಕಂಡ ನಾನೂ ದೂರಿಲ್ಲವೆಂದು ಬರೆದುಕೊಟ್ಟರೆ ಮಾತು ಹೊರಗೆ ಹೋಗುವುದಿಲ್ಲ. ಇಲ್ಲವಾದರೆ ನಾಳೆ ಬೆಳಿಗ್ಗೆ ಪೊಲೀಸ್, ಜೈಲು, ಆಮೇಲೆ ಡಿಪೋರ್ಟ್. ಡಿಪೋರ್ಟ್ ಎಂದರೆ ಸಿರಿಯಾ. ಇಪ್ಪತ್ತೆರಡರ ಹುಡುಗನಿಗೆ ಯಾವುದೋ ಒಂದು ಕಡೆಯ ಬಂದೂಕು. ನನಗದು ಗೊತ್ತಿತ್ತು. ಆದರೂ ಅವನು ಹೋಗಲಿ ಎಂದೇ ನನ್ನ ಮನಸ್ಸು ಹೇಳುತ್ತಿತ್ತು.

ಸಂಜೆ ಅಬು ಮೀಖಾಯಿಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. "ಯಲ್ಲಾ, ನಡಿ, ಖಾಲಿದ್‌ನ ರೂಮಿಗೆ."

"ತಪ್ಪು ಮಾಡಿದವನು ನಿಮ್ಮಲ್ಲಿಗೆ ಬರಬೇಕಲ್ಲವೇ?" ಎಂದೆ.

"ಅವನ ಪರವಾಗಿ ಬರಲು ಇಲ್ಲಿ ಯಾವ ಹಿರಿಯರಿದ್ದಾರೆ? ಅದಕ್ಕೇ ನಾವು ಹೋಗುವುದು."

ವ್ಯಾನ್ ಓಡಿಸಿದ್ದು ಉಳ್ಳಾಲದ ಹಮೀದಾಕ. ಅರಬ್ಬಿ ಚೆನ್ನಾಗಿ ಬಲ್ಲವರು, ನನ್ನದು ಅರೆಬರೆ. ಲೇಬರ್ ಕ್ಯಾಂಪಿನ ಆ ರೂಮಿನಲ್ಲಿ ಖಾಲಿದ್ ಗೋಡೆಗೊರಗಿ ಕೂತಿದ್ದ, ಪೊಲೀಸರೇ ಬಂದರೆಂದುಕೊಂಡು ಎದ್ದು ನಿಂತ. ಅಬು ಮೀಖಾಯಿಲ್ ಹೆಸರು ಹಿಡಿದು ಸಲಾಂ ಹೇಳಿ ಮಂಚದ ಅಂಚಿನಲ್ಲಿ ಕೂತರು. ಆಮೇಲೆ ಅವನೇ ಕಾಫಿ ಮಾಡಿದ. ಅಬು ಮೀಖಾಯಿಲ್ ಕಪ್ಪು ತೆಗೆದುಕೊಂಡು ಮುಟ್ಟದೆ ನೆಲದ ಮೇಲಿಟ್ಟರು. ಹಮೀದಾಕನೂ ಇಟ್ಟರು. ನಾನು ಕುಡಿದೆ. ಕೊಟ್ಟದ್ದನ್ನು ಮುಟ್ಟದಿದ್ದರೆ ಮನೆಗೆ ಅವಮಾನ ಎಂದು ಕಲಿಸಿದವಳು ನಮ್ಮಮ್ಮ.

"ಎಂತ ಮಾಡಿದ್ರಿ ಪೊರ್ಬುಗಳೇ!" ನಮ್ಮೂರ ಕಡೆ ಕ್ರೈಸ್ತರನ್ನು ಕರೆಯುವಂತೆಯೇ ಕರೆದು ಹಮೀದಾಕ ನನ್ನ ಪಕ್ಕೆಗೆ ತಿವಿದರು. "ಕೇಳ್ಲಿಕ್ಕೆ ಬಂದವ್ರು ಕೇಳಿದ್ದು ಸಿಗುವವರೆಗೆ ಕಾಫಿ ಮುಟ್ಲಿಕ್ಕಿಲ್ಲ ಮಾರಾಯ್ರೆ. ಕುಡಿದ್ರೆ ರಾಜಿ ಆಯ್ತು, ಇನ್ನೆಂತದೂ ಬೇಡ ಅಂತ ಲೆಕ್ಕ!"

"ಮೊದ್ಲೇ ಹೇಳ್ಬಾರ್ದಾ?"

"ನಿಮಗೆ ಇಷ್ಟು ಬಾಯಾರಿಕೆ ಅಂತ ನನಗೆಂತ ಗೊತ್ತು?"

ನನ್ನ ಕಿವಿ ಬಿಸಿಯಾಯಿತು. ಅಬು ಮೀಖಾಯಿಲ್ ಮಾತ್ರ ಗಲಿಬಿಲಿಗೊಳ್ಳಲಿಲ್ಲ. ಖಾಲಿ ಕಪ್ಪನ್ನು ನನ್ನ ಕೈಯಿಂದ ತೆಗೆದು ಖಾಲಿದ್‌ಗೆ ತೋರಿಸಿ ಅರಬ್ಬಿಯಲ್ಲಿ ಹೇಳಿದ್ದನ್ನು ಹಮೀದಾಕ ನನಗೆ ಪಿಸುಗುಟ್ಟಿದರು: "ಇವನು ನಿನ್ನಿಂದ ಸಾಯಬೇಕಿದ್ದವನು. ಮೊದಲು ಇವನೇ ಕುಡಿದ. ನಿನ್ನ ಮೇಲೆ ಇವನ ದೂರು ಮುಗಿಯಿತು. ನನ್ನದು ಉಳಿದಿದೆ."

ಅವರು ಕೇಳಿದ್ದು ಎರಡು. ಫಾದಿಯನ್ನು ಇನ್ನು ಮುಟ್ಟಬಾರದು. ಅಣ್ಣನನ್ನು ಬಿಡಿಸುವ ಕೆಲಸವನ್ನು ತನಗೆ ಒಪ್ಪಿಸಬೇಕು. ಎರಡನೆಯದು ಕೇಳಿ ಖಾಲಿದ್ ಮುಖ ಮುಚ್ಚಿಕೊಂಡ. ಬಹಳ ಹೊತ್ತಿನ ಮೇಲೆ, "ಕುಡಿಯಿರಿ ಚಿಕ್ಕಪ್ಪಾ," ಎಂದ. ಕಾಫಿ ಪೂರ್ತಿ ಆರಿತ್ತು. ಅಬು ಮೀಖಾಯಿಲ್ ತಳದ ಗಸಿಯವರೆಗೂ ಕುಡಿದರು.

ಮರುದಿನ ಫಾದಿ ಬರೆದುಕೊಟ್ಟ, ನಾನೂ ಬರೆದುಕೊಟ್ಟೆ: ನನಗೆ ದೂರಿಲ್ಲ. ಆ ಎರಡು ಪದ ಬರೆಯುವಾಗಲೂ ಕಿವಿಯಲ್ಲಿ ಗ್ರೈಂಡರ್ ತಿರುಗುತ್ತಿತ್ತು. ಅತ್ತ ಅಬು ಮೀಖಾಯಿಲರ ಫೋನ್ ಹೋದ ಮೇಲೆ ಅವರ ಹಳ್ಳಿಯಲ್ಲಿ ಪಾದ್ರಿಯೂ ನಾಲ್ವರು ಮುದುಕರೂ ತಮ್ಮ ಹುಡುಗರದೇ ತಪಾಸಣೆ ಕಟ್ಟೆಯ ಮುಂದೆ ರಸ್ತೆಯಲ್ಲಿ ಕೂತರಂತೆ. "ನಮ್ಮ ಹೆಸರಿನಲ್ಲಿ ಹಿಡಿದವನನ್ನು ನಮ್ಮೆದುರು ಬಿಡಿ," ಎಂದರಂತೆ. ಮೂರನೆಯ ದಿನ ಖಾಲಿದ್‌ನ ಅಣ್ಣ ಮನೆ ಸೇರಿದ. ಸುದ್ದಿ ಹೇಳಲು ಅಬು ಮೀಖಾಯಿಲ್ ಮೆಷಿನ್‌ಗಳನ್ನೆಲ್ಲ ನಿಲ್ಲಿಸಿದರು. ಹೇಳಿದ್ದು ಒಂದೇ ವಾಕ್ಯ: "ನಮ್ಮ ಮುದುಕರಿಗೆ ಇನ್ನೂ ಸೊಂಟ ಗಟ್ಟಿ ಇದೆ." ಅಂಥ ಹೆಮ್ಮೆ ಅವರ ಮುಖದಲ್ಲಿ ನಾನು ಮತ್ತೆ ನೋಡಲಿಲ್ಲ. ಅವರದೇ ಮತದವನೆಂದು ನನಗೂ ಆ ದಿನ ಎದೆ ತುಂಬಿತು.

ನಾಲ್ಕು ವರ್ಷದ ಬಳಿಕ, ಅವರ ಜನ ಕೆನಡಾ, ಜರ್ಮನಿ ಎಂದು ಚದುರುತ್ತಿದ್ದಾಗ, ಇವರು ವೀಸಾ ರದ್ದು ಮಾಡಿಸಿ ಹಳ್ಳಿಗೆ ಹೊರಟರು. "ಎಲ್ಲರೂ ಹೋದರೆ ಜಗಳ ನಿಲ್ಲಿಸುವವರು ಯಾರು?" ಮರುವರ್ಷ ಎದೆನೋವು ಬಂತು. ಆಸ್ಪತ್ರೆಯ ದಾರಿ ಮುಚ್ಚಿತ್ತು.

ದುಬೈಯ ಇಗರ್ಜಿಯ ಸಭಾಂಗಣದಲ್ಲಿ ಅವರ ಊರಿನವರು ಸಂತಾಪಕ್ಕೆ ಸೇರಿದರು. ಸತ್ತವರ ಮನೆಯವರು ಬಾಗಿಲ ಬಳಿ ಸಾಲಾಗಿ ನಿಂತು ಬಂದವರ ಕೈ ಹಿಡಿಯುವುದು ಅಲ್ಲಿನ ಕ್ರಮ. ಅವರನ್ನು 'ಅಬು', ಅಂದರೆ ಅಪ್ಪ, ಮಾಡಿದ್ದ ಮಗ ಮೀಖಾಯಿಲನಿಗೆ ಸ್ವೀಡನ್ನಿನಿಂದ ಬರಲಾಗಿರಲಿಲ್ಲ. ಸಾಲಿನಲ್ಲಿ ಮೊದಲು ಫಾದಿ, ಅವನ ಪಕ್ಕದಲ್ಲಿ ಖಾಲಿದ್. ಹಿಂದಿನಿಂದ ಯಾರೋ ಮುದುಕಿ ಖಾಲಿದ್‌ನನ್ನು ತೋರಿಸಿ, ಇವನು ಅವರಿಗೇನಾಗಬೇಕು ಎಂದು ಕೇಳಿದಳು. "ಮನೆಯವನು," ಎಂದ ಫಾದಿ, ತಿರುಗಿ ನೋಡದೆ.

ನಾನು ಖಾಲಿದ್‌ನ ಮುಂದೆ ಬಂದೆ. ಅವನು ಬಲಗೈ ಚಾಚಿದ. ನನ್ನ ಕೈ ಕಿವಿಗೆ ಹೋಗಲು ನೋಡಿತು. ಅದನ್ನು ತಡೆದು ಅವನ ಕೈ ಹಿಡಿದೆ. ಅವನು ಬಿಡಲಿಲ್ಲ. ಒಂದು ಹೆಜ್ಜೆ ಸರಿದು ತನಗೂ ಫಾದಿಗೂ ನಡುವೆ ಜಾಗ ಮಾಡಿದ. ನಾನು ಅಲ್ಲಿ ನಿಂತೆ.