ಮೂರು ಕಾಯಿ ಲೆನ್ಸು

ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ಕ್ಯಾಮೆರಾ ರಿಪೇರಿ ಮಾಡುವವರೊಬ್ಬರಿದ್ದರು. ಬೆಟ್ಟ ಹತ್ತಿ ಫೋಟೊ ತೆಗೆಯೋಕೆ ಯಾವ ಹಗುರದ ಕ್ಯಾಮೆರಾ ಕೊಳ್ಳಲಿ, ಎಷ್ಟು ಲೆನ್ಸ್ ಬೇಕು ಅಂತ ತಿಂಗಳುಗಟ್ಟಲೆ ಅವರ ತಲೆ ತಿಂದಿದ್ದೆ. ಅವರು ಎರಡು ಬೆರಳಲ್ಲಿ ನನ್ನ ಹೆಗಲು ಒತ್ತಿ, "ನನ್ ಕೇಳ್ಬೇಡ ಕಣೋ, ನಿನ್ ಹೆಗಲನ್ನ ಕೇಳು" ಅನ್ನುತ್ತಿದ್ದರು. ನನಗೆ ಇನ್ನಷ್ಟು ಗೊಂದಲ.

ಒಂದು ಭಾನುವಾರ ನನ್ನ ಬ್ಯಾಗಿಗೆ ಸುಲಿದ ಮೂರು ತೆಂಗಿನಕಾಯಿ ಹಾಕಿ, ಕುಣಿಗಲ್ ಕಡೆಯ ಬೆಟ್ಟವೊಂದಕ್ಕೆ ಕರೆದುಕೊಂಡು ಹೋದರು.

"ಇವೇ ನಿನ್ ಮೂರು ಲೆನ್ಸು. ದೊಡ್ಡದು ದೂರದ್ದಕ್ಕೆ. ಭಾರ ಅನ್ಸಿದ್ದನ್ನ ದಾರೀಲೇ ಇಟ್ಬುಡು."

ಅರ್ಧ ಹತ್ತುವಷ್ಟರಲ್ಲಿ ದೊಡ್ಡ ಕಾಯಿಯನ್ನು ಬಂಡೆ ಪಕ್ಕ ಇಟ್ಟೆ. ಆಮೇಲೆ ಇನ್ನೊಂದನ್ನೂ ಇಟ್ಟೆ. ಅವರು ಹಿಂದೆ ನಿಧಾನವಾಗಿ ಬರುತ್ತಿದ್ದರು. ತುದಿ ಮುಟ್ಟಿದಾಗ ನನ್ನಲ್ಲಿ ಉಳಿದದ್ದು ಒಂದೇ. ಒಂದೇ ಲೆನ್ಸ್ ಸಾಕು, ಲೆಕ್ಕ ಸರಿಹೋಯಿತು ಅಂದುಕೊಂಡೆ.

ಆಗ ದೂರದ ಕೆರೆಯ ಮೇಲೆ ಗರುಡವೊಂದು ತೇಲಿತು.

"ಈಗ ಯಾವ್ ಲೆನ್ಸು?" ಅಂದರು.

"ದೊಡ್ಡದು" ಅಂದೆ, ಸಣ್ಣ ದನಿಯಲ್ಲಿ.

ಅವರು ತಮ್ಮ ಬ್ಯಾಗಿನ ಜಿಪ್ ಎಳೆದರು. ನಾನು ಇಟ್ಟು ಬಂದಿದ್ದ ಎರಡೂ ಕಾಯಿ ಅದರೊಳಗಿದ್ದವು.

"ಹಂಗಾದ್ರೆ ಮೂರೂ ತಗೊಳ್ಳೋದಾ?"

"ನನ್ ಕೇಳ್ಬೇಡ ಕಣೋ" ಅಂದರು, ತಮ್ಮ ಹೆಗಲನ್ನು ನೀವಿಕೊಳ್ಳುತ್ತಾ.