ಉಡಿಗೆ ಹಾಕಿದ ಪೇರಲ

ಅಮೃತಾ, ಸಂತೋಷ — ನಮ್ಮ ಮನೆಯಲ್ಲಿ ಯಾರೂ ತಿನ್ನಬಾರದೆಂದು ಗೊತ್ತಿದ್ದ ಹಣ್ಣನ್ನು ನಿಮ್ಮ ಅಜ್ಜಿಯಾದ ಈ ಆಯಿ ಒಬ್ಬ ಬಸುರಿಯ ಉಡಿಗೆ ಹಾಕಿದಳು. ಗೊತ್ತಿದ್ದೇ ಹಾಕಿದಳು.

ಎಂಬತ್ತರ ದಶಕ ಮುಗಿಯುತ್ತಿತ್ತು. ಅಥಣಿ ಕಡೆಯ ನಮ್ಮ ತೋಟದಲ್ಲಿ, ದ್ರಾಕ್ಷಿಯ ಆಚೆ, ಒಂದು ಸಾಲು ಪೇರಲ ಗಿಡಗಳಿದ್ದವು. ಅವುಗಳ ಪಕ್ಕದ ಶೆಡ್ಡನ್ನು ನಿಮ್ಮ ಅಜ್ಜ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವವನೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದರು. ಅವನ ಬೂದಿ, ಆ್ಯಸಿಡ್ ನೀರು ಎಲ್ಲ ಗಿಡಗಳ ಬುಡಕ್ಕೇ. ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ ನನ್ನ ತಮ್ಮ ಮಣ್ಣು, ಹಣ್ಣು ಎರಡನ್ನೂ ಒಯ್ದು ಪರೀಕ್ಷೆ ಮಾಡಿಸಿ ಬಂದು ತನ್ನ ಭಾವನಿಗೆ, ನಿಮ್ಮ ಅಜ್ಜನಿಗೆ, ಹೇಳಿದ.

"ಮಾಮಾ, ಮಣ್ಣಿನ್ಯಾಗಿನ ಸೀಸ ಹಣ್ಣಿಗೂ ಏರೈತಿ. ಗಿಡಾ ಕಡದ ಹಾಕ್ರಿ. ಸಣ್ಣ ಹುಡುಗೂರು, ಬಸರ ಹೆಂಗಸರಂತೂ ಬಾಯಾಗ ಇಡಬಾರದು."

ನಿಮ್ಮ ಅಜ್ಜ ನಕ್ಕರು. "ಕಾಯಿ ತುಂಬಿದ ಗಿಡಾ ಕಡದ್ರ ಊರು ಏನ ಅಂದೀತಲೇ? ನಮ್ಮ ಮನ್ಯಾಗ ತಿನ್ನೂದು ಬ್ಯಾಡ, ಆಳಮಂದಿ ತಿಂತಾರ. ಅವರ ಹೊಟ್ಟಿ ಕಲ್ಲೂ ಅರಗಸ್ತಾವ."

ಎಂಥ ಮನೆತನ ನಮ್ಮದು! ವಿಷವನ್ನೂ ಒಗೆಯದೆ ದಾನ ಮಾಡುವ ಮನೆತನ. ಆದರೆ ಅವರು ಬರೀ ಅಂದರು — ಮಾಡಿದವಳು ನಾನು.

ಕಾಶವ್ವ ನಮ್ಮ ತೋಟದಲ್ಲಿ ಕೆಲಸಕ್ಕಿದ್ದಳು; ಏಳು ತಿಂಗಳ ಬಸುರಿ. ಮಾಲೀಕರ ಮನೆಯವರು ಉಡಿ ತುಂಬುವುದು ಪದ್ಧತಿ. ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿದೆ. ಇನ್ನು ಹಣ್ಣು. ಮಿರಜ ಪೇಟೆಗೆ ಹೊರಟ ದ್ರಾಕ್ಷಿಯ ಬುಟ್ಟಿ ಪಕ್ಕದಲ್ಲೇ ಇತ್ತು. ಕೈ ಅತ್ತ ಹೋಯಿತು... ತಿರುಗಿ ಬಂತು. ಐದು ಪೇರಲ ಹಾಕಿದೆ. ಉಡಿಗೆ ಬಿದ್ದದ್ದನ್ನು ಯಾವ ಹೆಣ್ಣೂ ಒಲ್ಲೆ ಅನ್ನುವಂತಿಲ್ಲ, ತಾನೇ ತಿನ್ನಬೇಕು — ಅದೂ ನನಗೆ ಗೊತ್ತಿತ್ತು.

ಮರುದಿನ ಅವಳು ನಗುತ್ತ ಬಂದಳು. "ಅಕ್ಕಾರ, ನೀವು ಉಡಿ ತುಂಬಿದ್ದು... ಬೀಜಾ ಸೈತ ಉಗಳಿಲ್ರಿ. ಬಾಯಿಗೆ ಭಾಳ ರುಚಿ ಹತ್ತೇತ್ರಿ."

ನಾನು ತಲೆ ತಗ್ಗಿಸಿದೆ. ಊರು ಅದನ್ನು ನನ್ನ ನಾಚಿಕೆ, ಮರ್ಯಾದೆ ಎಂದುಕೊಂಡಿತು. ಥೂ — ಹೇಡಿತನಕ್ಕೆ ಹೊದಿಸಿದ ಸೆರಗು ಅದು. ಹೆರಿಗೆಯವರೆಗೂ ಅದೇ ಪೇರಲ ಬುಟ್ಟಿ ತುಂಬಿ ಕಳಿಸಿದೆ.

ಅವಳ ಮಗಳು ತಡವಾಗಿ ನಡೆದಳು, ತಡವಾಗಿ ಮಾತನಾಡಿದಳು. ಶಾಲೆಯಲ್ಲಿ ಅಕ್ಷರ ಹತ್ತಲಿಲ್ಲ. ಆ ಹಣ್ಣಿನಿಂದಲೇ ಎಂದು ಯಾರೂ ಹೇಳಲಾರರು. ಯಾರೂ ಹೇಳಲಾರರು ಎಂಬುದರ ಹಿಂದೆಯೇ ಇಷ್ಟು ವರ್ಷ ಅಡಗಿ ಕೂತೆ. ನಿಮ್ಮ ಅಜ್ಜ ಹೋದ ಮೇಲೆ ಆ ಗಿಡಗಳನ್ನು ಬೇರುಸಮೇತ ಕೀಳಿಸಿದೆ. ಒಂದೇ ಮುಂಜಾನೆಯ ಕೆಲಸ. ಅಷ್ಟು ಸುಲಭವಿತ್ತು.

ಹೋದ ಸೋಮವಾರ ಕಾಶವ್ವ ಈಗ ಇರುವ ದಿಗ್ಗೇವಾಡಿಗೆ ಹೋಗಿ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಎದ್ದು ನಿಂತು, ತನ್ನ ಸೆರಗನ್ನು ನನ್ನ ಮುಂದೆ ಜಾಡಿಸಿದಳು — ಇನ್ನೂ ಅದರಲ್ಲಿ ಏನೋ ಉಳಿದಿದೆ ಎಂಬಂತೆ — ಒಳಗೆ ಹೋದಳು.

ನಾನು ಸತ್ತ ದಿನ ಜನ ನನ್ನನ್ನು ಕೊಡುಗೈಯವಳು ಎಂದು ಹಾಡಿ ಅಳುತ್ತಾರೆ. ನೀವು ಹೂಂ ಅನ್ನಬೇಡಿರಿ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ.