ತಂಬಿಗೆಯ ಮೇಲಿನ ಬಿ.ಎ.

ಕೊಟ್ಟೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಗುರುಬಸವರಾಜರು ತಮ್ಮ ಹೆಸರನ್ನು ಬಿ.ಎ. ಇಲ್ಲದೆ ಎಲ್ಲಿಯೂ ಬರೆದವರಲ್ಲ. ಅಂಗಡಿಯ ಬೋರ್ಡು, ಮದುವೆಯ ಕಾರ್ಡು ಇರಲಿ, ಮನೆಯ ಸ್ಟೀಲ್ ತಂಬಿಗೆ, ತಾಟು, ಹಾಲಿನ ಕ್ಯಾನಿನ ಮೇಲೂ 'ಗುರುಬಸವರಾಜ, ಬಿ.ಎ.' ಎಂದು ಕೆತ್ತಿಸಿದ್ದಾರೆ. ತಂಬ್ರಹಳ್ಳಿಯಿಂದ ಯೂರಿಯಾಕ್ಕೆ ಬಂದವರಿಗೂ "ಮಗ ಡಿಗ್ರಿ ಮುಗಿಸ್ಯಾನೋ ಇಲ್ಲೋ?" ಎಂದು ಕೇಳಿಯೇ ಚೀಲ ಎತ್ತಿಸುತ್ತಾರೆ. ತಮ್ಮ ಮದುವೆಗೆ ಹಿರೇಹಡಗಲಿಗೆ ಹೆಣ್ಣು ನೋಡಲು ಹೋದಾಗಲೂ ಡಿಗ್ರಿ ಆದವಳೇ ಬೇಕು ಎಂದು ಕೂತಿದ್ದರಂತೆ. ಪಿಯುಸಿ ಮುಗಿಸಿದ ಮಗಳು ಶಾಂಭವಿ ಪೈಲಟ್ ತರಬೇತಿಯ ಅರ್ಜಿಗೆ ಸಹಿ ಕೇಳಿದಾಗ ಮೂರು ದಿನ ಅವರದು ಒಂದೇ ಮಾತು: "ಮೊದ್ಲು ಡಿಗ್ರಿ, ಆಮ್ಯಾಲೆ ವಿಮಾನ." "ಪಿಯುಸಿಯಾಗ ಫಿಸಿಕ್ಸ್, ಮ್ಯಾಥ್ಸ್ ಇದ್ರ ಸಾಕಪ್ಪಾ. ಕೆಲ್ಸಕ್ಕ ತಗೊಳ್ಳೋರು ಲೈಸೆನ್ಸ್ ನೋಡ್ತಾರ, ಎಷ್ಟು ತಾಸು ಹಾರಿಸೀವಿ ಅಂತ ನೋಡ್ತಾರ" ಎಂದಳು ಶಾಂಭವಿ. ಅರ್ಜಿ ಕಳಿಸಲು ಅವತ್ತೇ ಕೊನೆಯ ದಿನ. "ನಾಳೆ ಕೆಲ್ಸ ಸಿಗಲಿಲ್ಲ ಅಂದ್ರ? ಡಿಗ್ರಿ ಒಂದಿದ್ರ ಅದು ಹೊಟ್ಟಿಗೆ ಹಾಕ್ತೈತಿ" ಎನ್ನುತ್ತ ಅವರು ನೀರು ಕುಡಿದ ತಂಬಿಗೆಯನ್ನು ಬಚ್ಚಲ ಕಡೆ ಸರಿಸಿದರು. ಅಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಂಡತಿ ಸುಮಲತಾ ತಲೆ ಎತ್ತದೆ ಹೇಳಿದರು: "ನಂದು ಬಿ.ಎಸ್ಸಿ. ಐತ್ರಿ, ಫಸ್ಟ್ ಕ್ಲಾಸು. ಇಪ್ಪತ್ತೆರಡು ವರ್ಷದಿಂದ ನಿಮ್ಮ ಬಿ.ಎ. ತಿಕ್ಕಾಕತ್ತೈತಿ." ಗುರುಬಸವರಾಜರು ತಂಬಿಗೆಯನ್ನು ನೋಡಿದರು. ಕೆತ್ತಿಸಿದ ಅಕ್ಷರಗಳು ಸವೆದು, ಬೆರಳಾಡಿಸಿದರೂ ಸಿಗದಂತಾಗಿದ್ದವು. ಅರ್ಜಿ ಎಳೆದುಕೊಂಡು ಸಹಿ ಮಾಡಿದರು. ಬಿ.ಎ. ಬರೆಯದೆ ಅವರು ಪೆನ್ನು ಮುಚ್ಚಿದ್ದು ಅದೇ ಮೊದಲು.